ಒರ್ತೋನಾಕ್ಕೆ ಹೋದ ಹಲಸೂರಿನವರು

ಹಲಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಪಲ್ಟನ್ ಹೊರಗಿನದಲ್ಲ. ನಮ್ಮ ಚಿಕ್ಕಂದಿನಲ್ಲಿ ಬೆಳಗಾದರೆ ಕೆರೆಯ ಆಚೆ ಕಡೆಯಿಂದ ಬ್ಯೂಗಲ್ ಕೇಳುತ್ತಿತ್ತು, ಅದರ ಹಿಂದೆಯೇ ಸೋಮೇಶ್ವರನ ಗುಡಿಯ ಗಂಟೆ. ಮದ್ರಾಸಿನಲ್ಲಿ 1780ರಲ್ಲಿ ಪಯೋನಿಯರ್ಸ್ ಎಂದು ಶುರುವಾದ ಪಡೆ 1834ರಲ್ಲಿ ಬೆಂಗಳೂರಿನ ದಂಡಿಗೆ ಬಂದು ನೆಲೆಯೂರಿತು. ಈಗಿನ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್, ಬೋರ್ಡುಗಳಲ್ಲಿ ಎಂ.ಇ.ಜಿ. ನಮ್ಮ ಬೀದಿಯಲ್ಲಿ ಮಾತ್ರ ಇವತ್ತಿಗೂ ‘ಸ್ಯಾಪರ್ಸ್’ ಅಂತಲೇ. ಸೇತುವೆ ಕಟ್ಟುವವರು, ರಸ್ತೆ ಮಾಡುವವರು, ನೆಲದಲ್ಲಿ ಹೂತ ಮೈನ್ ತೆಗೆಯುವವರು. ಮರ್ಫಿ ಟೌನಿನಲ್ಲಿ, ಹಲಸೂರಿನ ಸಂದಿಗಳಲ್ಲಿ, ಶಿವಾಜಿನಗರದ ವಠಾರಗಳಲ್ಲಿ ಹುಡುಕಿದರೆ ಮನೆಗೊಂದು ಹಳೆಯ ಟ್ರಂಕು, ಟ್ರಂಕಿನೊಳಗೊಂದು ಮೆಡಲು ಸಿಕ್ಕೀತು.

ನಮ್ಮ ಮನೆಯ ಮೆಡಲಿನ ಪಟ್ಟಿಯಲ್ಲಿ ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಮತ್ತೆ ಕೆಂಪು. ತಾಮ್ರದ ಬಣ್ಣದ ನಕ್ಷತ್ರದ ಮೇಲೆ ‘ಇಟಲಿ ಸ್ಟಾರ್’ ಎಂದು ಬರೆದಿದೆ. ಅದು ನಮ್ಮ ತಾತನದು, ಅಮ್ಮನ ಅಪ್ಪನದು. ಮಾಲೂರಿನ ಕಡೆಯ ಹಳ್ಳಿಯೊಂದರಿಂದ ಬಂದು ಸ್ಯಾಪರ್ಸ್ ಸೇರಿದವರು. ಮನೆಯಲ್ಲಿ ಕನ್ನಡ, ಪಲ್ಟನ್ನಿನಲ್ಲಿ ತಮಿಳು, ಸಾಹೇಬರ ಮುಂದೆ ಅರ್ಧಂಬರ್ಧ ಹಿಂದೂಸ್ತಾನಿ. ಎರಡನೇ ಮಹಾಯುದ್ಧದಲ್ಲಿ ಮೊದಲು ಈಜಿಪ್ಟ್, ಆಮೇಲೆ ಇಟಲಿ. ಅವರ ಡಿಸ್‌ಚಾರ್ಜ್ ಪುಸ್ತಕದಲ್ಲಿ 12ನೇ ಫೀಲ್ಡ್ ಕಂಪನಿ ಎಂದಿತ್ತು. ನಾಲ್ಕನೇ ಇಂಡಿಯನ್ ಡಿವಿಷನ್ನಿನ ಜೊತೆಗಿದ್ದ ಮದ್ರಾಸ್ ಸ್ಯಾಪರ್ಸ್‌ನ ಕಂಪನಿ ಅದು.

ತಾತ ಯುದ್ಧದ ಕಥೆ ಹೇಳುವವರಲ್ಲ. ಹೇಳಿದ್ದೆಲ್ಲ ಕೈಕೆಲಸದ ಮಾತು. ಹಿತ್ತಲಿನಲ್ಲಿ ಗಿಡ ನೆಡುವ ಮುಂಚೆ ಒಂದು ಕಬ್ಬಿಣದ ಸಲಾಕೆ ಹಿಡಿದು ಕುಕ್ಕರುಗಾಲಲ್ಲಿ ಕೂತು, ನೆಲವನ್ನು ಗೇಣಿಗೊಂದು ಕಡೆ ಮೆಲ್ಲಗೆ ಚುಚ್ಚಿ ನೋಡುತ್ತಿದ್ದರು. ಸಲಾಕೆ ಯಾವಾಗಲೂ ಓರೆ. ಯಾಕೆ ತಾತ ಹಾಗೆ ಎಂದು ಒಮ್ಮೆ ಕೇಳಿದೆ. “ನೇರ ಚುಚ್ಚಬಾರದು ಕಣಮ್ಮ. ನೇರ ಹೋದರೆ ಅದರ ತಲೆಗೆ ತಾಗುತ್ತೆ, ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತೆ. ತಲೆ ಮುಟ್ಟಿದರೆ ಕಥೆ ಮುಗೀತು.” ಯಾವುದರ ತಲೆ ಎಂದು ಹೇಳಲಿಲ್ಲ. ಮೈನಿನದು ಎಂದು ಅಮ್ಮ ಆಮೇಲೆ ಹೇಳಿದಳು. ಹೊಟ್ಟೆಯ ಮೇಲೆ ಮಲಗಿಕೊಂಡು, ಬಯೊನೆಟ್ಟಿನ ತುದಿಯಿಂದ ಅಂಗುಲ ಅಂಗುಲ ಹುಡುಕುತ್ತ ಹೋಗಬೇಕು. ಹುಡುಕಿ ಮುಗಿದ ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಎಳೆಯಬೇಕು. ಹಿಂದೆ ಬರುವ ಸಿಪಾಯಿಗಳು ಆ ಪಟ್ಟಿಗಳ ನಡುವೆಯೇ ಕಾಲಿಡಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲದ ಮೇಲೆ ಆಡಿಸುವ ಡಿಟೆಕ್ಟರ್ ಕೂಡ ಇತ್ತು. ಆದರೆ ಜರ್ಮನರ ಶೂ ಮೈನ್ ಎಂಬುದು ಮರದ ಪೆಟ್ಟಿಗೆ. ಅದರ ಮುಂದೆ ಡಿಟೆಕ್ಟರ್ ಕಿವುಡು. ಅದಕ್ಕೆ ಕೈಯೇ ಗತಿ.

ಊರಿನ ಹೆಸರು ಅಂತ ತಾತನ ಬಾಯಿಂದ ನಾನು ಕೇಳಿದ್ದು ಎರಡೇ. ಒಂದು ಕಸೀನೊ. ಇನ್ನೊಂದು ಒರ್ಟೋನ. “ಒರ್ಟೋನ ಕಡೆ ಸಮುದ್ರ ಕಾಣೋದು. ಕೆಸರು ಮೊಣಕಾಲುದ್ದ.” ಅಷ್ಟೇ. ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ದಿನ ಸೋಮೇಶ್ವರನ ಗುಡಿಗೆ ಹೋಗಿ ಕರ್ಪೂರ ಹಚ್ಚಿ ಬರುತ್ತಿದ್ದರು. ಯಾರ ಹೆಸರಿಗೆ ಎಂದರೆ “ಜೊತೆಯವನಿಗೆ” ಎನ್ನುವರು. ಹೆಸರನ್ನು ಅಜ್ಜಿಗೂ ಹೇಳಿರಲಿಲ್ಲ.

ಅಜ್ಜಿಗೆ ಇಟಲಿಯ ಬಗ್ಗೆ ಬೇರೆಯದೇ ನೆನಪಿತ್ತು. ತಾತ ಸಮುದ್ರದಾಚೆ ಇದ್ದಾಗ ಇಟಲಿಯವರು ಬೆಂಗಳೂರಿನಲ್ಲಿದ್ದರು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸಿಪಾಯಿಗಳನ್ನು ಹಡಗಿನಲ್ಲಿ ತಂದು ಜಾಲಹಳ್ಳಿಯಲ್ಲಿ, ಊರಿನ ಸುತ್ತಲಿನ ಬೇರೆ ಕ್ಯಾಂಪುಗಳಲ್ಲಿ ಇಟ್ಟಿದ್ದರು. 1940ರ ಡಿಸೆಂಬರಿನಲ್ಲಿ ಸಿದಿ ಬರ್ರಾನಿಯಲ್ಲಿ ಅವರನ್ನು ಹಿಡಿದ ಸೈನ್ಯದಲ್ಲಿ ಇದೇ ನಾಲ್ಕನೇ ಇಂಡಿಯನ್ ಡಿವಿಷನ್ ಇತ್ತು. ಲಾರಿಯಲ್ಲಿ ಹೋಗುತ್ತಿದ್ದ ಆ ಹುಡುಗರನ್ನು ಅಜ್ಜಿ ನೋಡಿದ್ದಳಂತೆ. “ಅವರ ತಾಯಂದಿರೂ ನಮ್ಮ ಹಾಗೇ ಕಾಗದಕ್ಕೆ ಕಾಯ್ತಿದ್ದರೇನೋ” ಎಂದು ನನ್ನ ತಲೆ ಬಾಚುತ್ತ ಅಂದದ್ದು ನೆನಪಿದೆ. ಇವಳ ಗಂಡ ಅವರ ಊರಿನಲ್ಲಿ, ಅವರು ಇವಳ ಊರಿನಲ್ಲಿ. ಯುದ್ಧದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಈ ಒಂದು ಮಾತಿನಷ್ಟು ನನ್ನನ್ನು ಹಿಡಿದು ನಿಲ್ಲಿಸಿಲ್ಲ.

ಮಗಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಳು. 2018ರ ಅಕ್ಟೋಬರಿನಲ್ಲಿ ನಾನು ಅವಳಲ್ಲಿಗೆ ಹೋದಾಗ “ವೆನಿಸ್ ನೋಡೋಣ ಅಮ್ಮ” ಎಂದಳು. ನಾನು ಒರ್ತೋನಾ ಎಂದೆ. ಅವಳ ಇಟಾಲಿಯನ್ ಗೆಳತಿಯರಿಗೂ ಆ ಊರು ಸರಿಯಾಗಿ ಗೊತ್ತಿರಲಿಲ್ಲ.

ಬೊಲೊನ್ಯಾದಿಂದ ದಕ್ಷಿಣಕ್ಕೆ ಹೊರಟ ರೈಲು ರಿಮಿನಿ ದಾಟಿದ ಮೇಲೆ ಏಡ್ರಿಯಾಟಿಕ್ ಸಮುದ್ರದ ಅಂಚನ್ನು ಹಿಡಿಯುತ್ತದೆ. ಎಡಗಡೆಯ ಕಿಟಕಿಯಲ್ಲಿ ನೀರು, ಬಲಗಡೆ ಗುಡ್ಡ. ಪೆಸ್ಕಾರಾದಲ್ಲಿ ಇಳಿದು ಚಿಕ್ಕ ರೈಲು ಹತ್ತಿದರೆ ಒರ್ತೋನಾ ಹತ್ತಿರವೇ. ಊರಿರುವುದು ಸಮುದ್ರದ ಮೇಲೆ ಎದ್ದ ದಿಣ್ಣೆಯಲ್ಲಿ. ಕೆಳಗೆ ಬಂದರು, ಮೇಲೆ ಹದಿನೈದನೇ ಶತಮಾನದ ಅರಗಾನ್ ದೊರೆಗಳ ಕೋಟೆ, ಕೋಟೆಯಿಂದ ಊರೊಳಕ್ಕೆ ಸಮುದ್ರವನ್ನೇ ನೋಡಿಕೊಂಡು ನಡೆಯುವ ದಾರಿ. ಬಂದರು ರೋಮನ್ನರಿಗಿಂತ ಹಳೆಯದು. ವೆನಿಸಿನವರು ಸುಟ್ಟದ್ದು, ತುರ್ಕರು ಸುಟ್ಟದ್ದು, ಮತ್ತೆ ಮತ್ತೆ ಕಟ್ಟಿದ್ದು, ಇದೇ ಅದರ ಚರಿತ್ರೆ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮರುದಿನದ ರಾತ್ರಿ ದೊರೆ ವಿಟ್ಟೋರಿಯೊ ಇಮಾನುಯೆಲೆ ರೋಮನ್ನು ಬಿಟ್ಟು ಓಡಿಬಂದು ಹಡಗು ಹತ್ತಿದ್ದು ಈ ಬಂದರಿನಲ್ಲೇ. ದೊರೆ ಬ್ರಿಂಡಿಸಿಗೆ ಹೋಗಿ ಉಳಿದುಕೊಂಡ. ಊರಿನವರಿಗೆ ಹೋಗಲು ಜಾಗವಿರಲಿಲ್ಲ.

ಒರ್ತೋನಾದ ದೊಡ್ಡ ಚರ್ಚು ಸಂತ ತೋಮನದು. ನನಗೆ ಅದು ಹೊರಡುವ ಮುಂಚೆಯೇ ಗೊತ್ತಿತ್ತು, ಯಾಕೆಂದರೆ ನಮ್ಮ ಹಳೆಯ ವಠಾರದ ಅಕ್ಕ ಹೇಳಿ ಕಳಿಸಿದ್ದಳು. ಅವಳು ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಒಕ್ಕಲು. ಆಗಸ್ಟ್ 29ಕ್ಕೆ ಬಾವುಟ ಏರಿದ್ದೇ ಕಾವಿ ಬಣ್ಣದ ಸೀರೆ ಉಟ್ಟರೆ ಸೆಪ್ಟೆಂಬರ್ 8ರ ತೇರು ಮುಗಿಯುವ ತನಕ ಬೇರೆ ಬಣ್ಣ ಮುಟ್ಟಳು. ಮೈಲಾಪುರದ ಸಾಂತೋಮ್ ಚರ್ಚಿಗೂ ಹೋಗಿಬಂದವಳು. ಯೇಸುವಿನ ಶಿಷ್ಯ ತೋಮ ಸಮುದ್ರ ದಾಟಿ ಬಂದು ಮೈಲಾಪುರದಲ್ಲಿ ಪ್ರಾಣಬಿಟ್ಟನೆಂದು ನಮ್ಮ ದಕ್ಷಿಣದ ಕ್ರೈಸ್ತರ ನಂಬಿಕೆ. ಅವನ ಮೂಳೆಗಳನ್ನು ಅಲ್ಲಿಂದ ಎಡೆಸ್ಸಾಕ್ಕೆ, ಎಡೆಸ್ಸಾದಿಂದ ಕಿಯೋಸ್ ದ್ವೀಪಕ್ಕೆ ಒಯ್ದರಂತೆ. 1258ರಲ್ಲಿ ಕಿಯೋಸಿನ ಮೇಲೆ ದಾಳಿ ಮಾಡಿದ ಒರ್ತೋನಾದ ನಾವಿಕ ಲಿಯೋನೆ ಅಚ್ಚಾಯುವೊಲಿ ಮೂಳೆಗಳನ್ನೂ ಗೋರಿಯ ಕಲ್ಲನ್ನೂ ಹಡಗಿಗೆ ಹಾಕಿಕೊಂಡು ಬಂದ. ಊರು ಮುಟ್ಟಿದ್ದು ಸೆಪ್ಟೆಂಬರ್ 6ರಂದು. ನಮ್ಮ ಶಿವಾಜಿನಗರದ ತೇರಿಗೆ ಎರಡೇ ದಿನ ಮುಂಚೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗಾದ ಸಂತೋಷ ಹೇಳತೀರದು.

ನೆಲಮಾಳಿಗೆಗೆ ಮೆಟ್ಟಿಲು ಇಳಿದರೆ ಅಲ್ಲಿ ಬಲಿಪೀಠ, ಅದರೊಳಗೆ ಚಿನ್ನದ ನೀರು ಕೊಟ್ಟ ತಾಮ್ರದ ಪೆಟ್ಟಿಗೆ. ಕಿಯೋಸಿನಿಂದ ತಂದ ಕಲ್ಲೂ ಇದೆ, ಮೇಲೆ ಗ್ರೀಕ್ ಅಕ್ಷರದಲ್ಲಿ ತೋಮನ ಹೆಸರು. ಅಕ್ಕ ಹೇಳಿದ ಹಾಗೆ ಮೇಣದ ಬತ್ತಿ ಹಚ್ಚಿದೆ. ತಾತನ ಜೊತೆಯವನಿಗೂ ಒಂದು ಹಚ್ಚಿದೆ. ನಾನು ಸೋಮೇಶ್ವರನ ಒಕ್ಕಲು. ಆದರೂ ಮದ್ರಾಸಿನ ಕಡೆಯಿಂದ ಹೊರಟವನೊಬ್ಬ ಈ ಗುಡ್ಡದ ಮೇಲೆ ಏಳುನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಊರಿನ ದೈವವಾಗಿ ಕೂತಿದ್ದಾನಲ್ಲ ಎಂದು ಕೈ ಮುಗಿಯದೆ ಇರಲಾಗಲಿಲ್ಲ. “ಹಾಗಾದರೆ ಮೈಲಾಪುರದಲ್ಲಿ ಇರೋದು ಯಾರಮ್ಮ?” ಎಂದು ಮಗಳು ಕೇಳಿದಳು. ಅದೇ ಪ್ರಶ್ನೆಯನ್ನು ಊರಿಗೆ ಬಂದ ಮೇಲೆ ಅಕ್ಕನ ಮುಂದಿಟ್ಟೆ. “ಅಲ್ಲೂ ಅವರೇ, ಇಲ್ಲೂ ಅವರೇ. ಎರಡೂ ಕಡೆ ಬತ್ತಿ ಹಚ್ಚು” ಎಂದು ಮೀನು ತೊಳೆಯಲು ಎದ್ದಳು.

ಆ ಚರ್ಚು ಹೊಸದಾಗಿ ಕಾಣುತ್ತದೆ. ಗೋಡೆಯ ಹಳೆಯ ಕಲ್ಲಿಗೂ ಹೊಸ ಕಲ್ಲಿಗೂ ಬೆಸುಗೆ ಕಣ್ಣಿಗೆ ಬೀಳುತ್ತದೆ. 1943ರ ಡಿಸೆಂಬರ್ 21ರಂದು ಜರ್ಮನರು ಇದನ್ನು ಸಿಡಿಸಿದರು. ಅದರ ಹಿಂದಿನ ದಿನ ಕೆನಡಾದ ಸೈನಿಕರು ಊರಿನ ಅಂಚು ಮುಟ್ಟಿದ್ದರು. ಊರೊಳಗಿದ್ದವರು ಜರ್ಮನಿಯ ಪ್ಯಾರಾಶೂಟ್ ಪಡೆಯವರು. ಬೀದಿಗೆ ಅಡ್ಡವಾಗಿ ಮನೆಗಳನ್ನೇ ಉರುಳಿಸಿ, ಕಲ್ಲುರಾಶಿಯ ತುಂಬ ಮೈನ್ ಹೂತು ಕೂತಿದ್ದರು. ಬೀದಿಗೆ ಕಾಲಿಟ್ಟರೆ ಸಾವು. ಅದಕ್ಕೆ ಕೆನಡಾದವರು ಒಂದು ಮನೆಯ ಗೋಡೆ ಒಡೆದು ಪಕ್ಕದ ಮನೆಗೆ, ಅದರ ಗೋಡೆ ಒಡೆದು ಅದರ ಪಕ್ಕಕ್ಕೆ ಎಂದು ಮನೆಗಳೊಳಗೇ ಸಾಗಿದರು. ಕ್ರಿಸ್‌ಮಸ್ಸಿನ ಊಟವನ್ನು ಸಾಂತಾ ಮರಿಯಾ ಚರ್ಚಿನೊಳಗೆ ಸರದಿಯ ಮೇಲೆ ಬಡಿಸಿದರು. ಉಂಡು ಎದ್ದವರು ಮತ್ತೆ ಬೀದಿಗೆ ಹೋದರು, ಕೆಲವರು ಮರಳಲಿಲ್ಲ. 28ಕ್ಕೆ ಜರ್ಮನರು ಊರು ಬಿಟ್ಟರು. ಊರಿನವರೇ ಸುಮಾರು 1,300 ಮಂದಿ ಸತ್ತಿದ್ದರು. ಈಗ ಊರಿನ ಒಂದು ಚೌಕಕ್ಕೆ ಕೆನಡಾದ ವೀರರ ಹೆಸರಿದೆ. ಸತ್ತ ಗೆಳೆಯನ ಪಕ್ಕದಲ್ಲಿ ಮೊಣಕಾಲೂರಿದ ಸೈನಿಕನ ಕಂಚಿನ ಪ್ರತಿಮೆಯಿದೆ. ಊರ ಹೊರಗಿನ ಸ್ಮಶಾನದಲ್ಲಿ 1,600ಕ್ಕೂ ಮಿಕ್ಕಿ ಗೋರಿಗಳು, ಹೆಚ್ಚಿನವು ಕೆನಡಾದ ಹುಡುಗರವು.

ಭಾರತದವರು ಎಲ್ಲಿದ್ದರು? ಊರಿನ ಪಶ್ಚಿಮಕ್ಕೆ, ಒಳನಾಡಿನ ಗುಡ್ಡಗಳಲ್ಲಿ. ಡಿಸೆಂಬರಿನಲ್ಲಿ ಕೆನಡಾದವರ ಎಡಗಡೆಗೆ ಇದ್ದದ್ದು ಎಂಟನೇ ಇಂಡಿಯನ್ ಡಿವಿಷನ್. ಒರ್ತೋನಾದ ದಕ್ಷಿಣಕ್ಕೆ ಮೋರೊ ಎಂಬ ಸಣ್ಣ ನದಿ. ನೋಡಿದರೆ ಹೊಳೆ ಎನ್ನಬೇಕು, ಆದರೆ ಕಣಿವೆ ಆಳ. ಅಲ್ಲಿ ಈ ಡಿವಿಷನ್ನಿನ ಸ್ಯಾಪರುಗಳು ಕಟ್ಟಿದ ಬೇಯ್ಲಿ ಸೇತುವೆಗೆ ‘ಅಸಾಧ್ಯ ಸೇತುವೆ’ ಎಂದೇ ಹೆಸರು ಬಿತ್ತು. ತಮ್ಮ ಕಡೆಯ ದಡದಲ್ಲಿ ರಸ್ತೆಯ ತಿರುವು ಎಷ್ಟು ಇಕ್ಕಟ್ಟೆಂದರೆ ಸೇತುವೆಯನ್ನು ಜೋಡಿಸಿ ಮುಂದಕ್ಕೆ ನೂಕಲು ಜಾಗವೇ ಇರಲಿಲ್ಲ. ಹಾಗಾಗಿ ಕಬ್ಬಿಣದ ತುಂಡುಗಳನ್ನು ಹೊಳೆ ದಾಟಿಸಿ, ಶತ್ರುವಿನ ಕಡೆಯ ದಡದಲ್ಲಿ ನಿಂತು, ಅಲ್ಲಿಂದ ಹಿಂದಕ್ಕೆ ತಮ್ಮ ದಡದತ್ತ ಕಟ್ಟಿಕೊಂಡು ಬಂದರು. ತಾತನ ಡಿವಿಷನ್ ಈ ಕಡೆಗೆ ಬಂದದ್ದು ಅದರ ನಂತರ, 1944ರ ಜನವರಿಯಲ್ಲಿ. ಅಲ್ಲಿಂದ ಫೆಬ್ರುವರಿಗೆ ಕಸೀನೊ ಕಾಳಗಕ್ಕೆ, ಕಸೀನೊದಿಂದ ಸೋತು ಸುಣ್ಣವಾಗಿ ವಸಂತದಲ್ಲಿ ಮತ್ತೆ ಈ ಗುಡ್ಡಗಳಿಗೆ.

ಆ ಕಣಿವೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದೆವು. ನೋಡಲು ಏನೂ ಇಲ್ಲ. ದ್ರಾಕ್ಷಿ ತೋಟ, ಕೊಯ್ಲು ಮುಗಿದು ಎಲೆ ಕೆಂಪಾಗಿತ್ತು. ಆಚೆ ಆಲಿವ್ ಮರಗಳು, ನಡುವೆ ಜೊಂಡು. ಮಗಳು “ಇಷ್ಟೇನಾ?” ಎಂದಳು. ನನಗೆ ಅಲ್ಲೇ ತಾತನ ಕೆಲಸದ ರೀತಿ ಅರ್ಥವಾದದ್ದು. ಕೋಟೆ ಕಟ್ಟಿದವನ ಹೆಸರು ಉಳಿಯುತ್ತದೆ, ಕೆಡವಿದವನದೂ ಉಳಿಯುತ್ತದೆ. ಸ್ಯಾಪರ್ ಹಾಕಿದ ಬೇಯ್ಲಿ ಸೇತುವೆಯನ್ನು ಸೈನ್ಯ ದಾಟಿದ ಮೇಲೆ ಬಿಚ್ಚಿ ಮುಂದಿನ ಹೊಳೆಗೆ ಒಯ್ಯುತ್ತಾರೆ. ಅವನು ತೆಗೆದ ಮೈನಿನ ಗುಂಡಿಯನ್ನು ರೈತ ಉತ್ತು ಮುಚ್ಚುತ್ತಾನೆ. ಏನೂ ಕಾಣದ ಆ ತೋಟವೇ ಅವರು ಮಾಡಿ ಹೋದದ್ದು. ಇದಕ್ಕೆ ಪ್ರತಿಮೆ ನಿಲ್ಲಿಸುವುದು ಕಷ್ಟ, ನಿಜ. ಆದರೆ ನಿಲ್ಲಿಸಬೇಕಿತ್ತು ಎಂದು ಆ ಹೊತ್ತು ನನಗೆ ತೀವ್ರವಾಗಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಉಳಿದಿರುವುದು ಒಂದು ಹೆಸರು ಮಾತ್ರ, ಅದೂ ನಮ್ಮ ಊರಿನದು. 1912ರಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲಿ ಒಂದು ಸಾಧನ ಮಾಡಿದರು. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವುದು. ತಳ್ಳುವವನು ದೂರದಲ್ಲೇ ಇರುತ್ತಾನೆ, ತಂತಿಯ ಬೇಲಿ ಬಾಯಿ ಬಿಡುತ್ತದೆ. ಅದು ಬ್ಯಾಂಗಲೋರ್ ಟಾರ್ಪೆಡೊ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು, ಕೆನಡಾದವರು, ಅಮೆರಿಕದವರು ಎಲ್ಲರ ಕೈಯಲ್ಲೂ ಅದಿತ್ತು. ಹಲಸೂರನ್ನು ಕಾಣದ ಹುಡುಗರು ಬೆಂಗಳೂರಿನ ಹೆಸರನ್ನು ಕೂಗಿ ಕೇಳಿ ಪಡೆಯುತ್ತಿದ್ದರು.

ಮೋರೊದಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಸಮುದ್ರದೊಳಕ್ಕೆ ಚಾಚಿದ ಮರದ ಅಟ್ಟಣೆಗಳು ಸಿಗುತ್ತವೆ. ಅವಕ್ಕೆ ಅಲ್ಲಿಯವರು ತ್ರಬೊಕ್ಕೊ ಎನ್ನುತ್ತಾರೆ. ಕೊಚ್ಚಿಯ ಚೀನಾ ಬಲೆಯನ್ನು ನೋಡಿದವರಿಗೆ ಹೊಸದೇನಲ್ಲ, ಉದ್ದನೆಯ ಮರದ ತೋಳುಗಳಿಂದ ಬಲೆ ಇಳಿಸಿ ಎತ್ತುವುದು. ಈಗ ಹಲವು ಹೋಟೆಲುಗಳಾಗಿವೆ. ಹಳೆಯ ರೈಲು ಹಾದಿಯನ್ನು ಆಗ ಸೈಕಲ್ ದಾರಿ ಮಾಡುತ್ತಿದ್ದರು. ಚೆಂದದ ತೀರ, ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಸಾಂಗ್ರೊ ನದಿ ಸಮುದ್ರ ಸೇರುವುದಕ್ಕೆ ಹತ್ತಿರದ ಗುಡ್ಡದ ಇಳಿಜಾರಿನಲ್ಲಿದೆ ಯುದ್ಧದ ಸ್ಮಶಾನ. 1943ರ ನವೆಂಬರಿನಲ್ಲಿ ಈ ನದಿ ಮಳೆಗೆ ಉಬ್ಬಿ, ಕಟ್ಟಿದ ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ನಾವು ಹೋದ ದಿನ ಮಂಡಿ ಮುಳುಗುವಷ್ಟೂ ನೀರಿರಲಿಲ್ಲ. 2,600ಕ್ಕೂ ಹೆಚ್ಚು ಗೋರಿಗಳು, ಒಪ್ಪವಾಗಿ ಕತ್ತರಿಸಿದ ಹುಲ್ಲು, ಪ್ರತಿ ಕಲ್ಲಿನ ಬುಡದಲ್ಲೂ ಹೂವು. ಮುಸ್ಲಿಂ ಸಿಪಾಯಿಗಳ ಗೋರಿಗಳಿವೆ. ಹಿಂದೂ, ಸಿಖ್ ಸಿಪಾಯಿಗಳನ್ನು ಸುಟ್ಟರಲ್ಲ, ಅವರಿಗೆ ಗೋರಿಯಿಲ್ಲ. ಅವರಲ್ಲಿ 500ಕ್ಕೂ ಮಿಕ್ಕಿ ಮಂದಿಯ ಹೆಸರನ್ನು ಅಲ್ಲೇ ಒಂದು ಕಡೆ ಸ್ಮಾರಕದ ಕಲ್ಲಿನಲ್ಲಿ ಕೊರೆದಿದ್ದಾರೆ.

ಸಿಖ್ಖರ, ರಜಪೂತರ, ಮರಾಠರ, ಗೂರ್ಖಾಗಳ ಹೆಸರುಗಳ ನಡುವೆ ಮದ್ರಾಸ್ ಸ್ಯಾಪರ್ಸ್ ಸಿಕ್ಕಿದರು. ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿದ್ದರೂ ನಮ್ಮ ಬೀದಿಯ ಹೆಸರುಗಳು. ಹಲಸೂರಿನ ರೇಷನ್ ಅಂಗಡಿಯ ಮುಂದೆ ನಿಂತು ಕೂಗಿದರೆ ಯಾರಾದರೂ ಓಗೊಟ್ಟಾರು ಅನ್ನುವಂಥವು. ಒಂದೊಂದನ್ನೂ ಬಾಯಿಬಿಟ್ಟು ಓದಿದೆ. ತಾತನ ಜೊತೆಯವನು ಇವರಲ್ಲಿ ಯಾರು? ಇವರಲ್ಲೇ ಇದ್ದಾನೆಯೇ, ಕಸೀನೊದಲ್ಲೋ? ತಿಳಿಯುವ ದಾರಿಯಿಲ್ಲ. ಎಲ್ಲರನ್ನೂ ಓದಿದರೆ ಅವನೂ ಬಂದಾನು ಎಂದು ಎಲ್ಲರನ್ನೂ ಓದಿದೆ.

ಅಲ್ಲಿ ಸುಬೇದಾರ್ ಸುಬ್ರಮಣ್ಯನ್ ಅವರ ಹೆಸರಿದೆ. 11ನೇ ಫೀಲ್ಡ್ ಪಾರ್ಕ್ ಕಂಪನಿಯವರು, ತಾತನ ಡಿವಿಷನ್ನಿನವರೇ. 1944ರ ಫೆಬ್ರುವರಿ 24ರಂದು ಕಸೀನೊ ದಾರಿಯ ಮಿನ್ಯಾನೊ ಬಳಿ ಅವರ ತಂಡ ಮೈನ್ ಹುಡುಕುತ್ತಿತ್ತು. ಮುಂದಿದ್ದವನ ಕಾಲಡಿಯಲ್ಲಿ ಒಂದು ಮೈನ್ ಸದ್ದು ಮಾಡಿತು. ಆ ಬಗೆಯ ಮೈನ್ ಸದ್ದಾದ ಮೇಲೆ ಮೂರು ನಾಲ್ಕು ಸೆಕೆಂಡ್ ಸುಮ್ಮನಿದ್ದು, ನಂತರ ಮೇಲೆ ಹಾರಿ ಸುತ್ತಲಿನವರನ್ನೆಲ್ಲ ಹರಿದುಹಾಕುತ್ತದೆ. ಆ ಸೆಕೆಂಡುಗಳಲ್ಲಿ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಓಡಲಿಲ್ಲ, ಅದರ ಮೇಲೆ ಬಿದ್ದರು. ಜೊತೆಯವರು ಉಳಿದರು. ಜಾರ್ಜ್ ಕ್ರಾಸ್ ಶೌರ್ಯಪದಕ ಪಡೆದ ಮೊದಲ ಭಾರತೀಯ ಅವರು. ಮದ್ರಾಸ್ ಸ್ಯಾಪರ್ಸ್‌ನ ಮನೆ ಹಲಸೂರು ಕೆರೆಯ ದಂಡೆ. ದಿನವೂ ಆ ದಂಡೆಯಲ್ಲಿ ವಾಕಿಂಗ್ ಮಾಡುವ ಸಾವಿರಾರು ಜನರಲ್ಲಿ ಈ ಹೆಸರು ಕೇಳಿದವರು ಎಷ್ಟು ಮಂದಿ? ಇಂದಿರಾನಗರದ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಾನು ಈಗ ಹೇಳುತ್ತೇನೆ, ಹಬ್ಬಕ್ಕೆ ಸೇರಿದಾಗ, ಕರೆಂಟು ಹೋದಾಗ, ಕೇಳಿದರೂ ಕೇಳದಿದ್ದರೂ.

ಸ್ಮಶಾನದಿಂದ ಇಳಿದು ಬರುವ ದಾರಿಯಲ್ಲಿ ಒಬ್ಬ ಮುದುಕ ಆಲಿವ್ ಮರಗಳ ಕೆಳಗೆ ಬಲೆ ಹಾಸುತ್ತಿದ್ದ. ಮಗಳು ನೀರು ಕೇಳಿದಳು. ನೀರಿನ ಜೊತೆ ರೊಟ್ಟಿ, ಎಣ್ಣೆ ಬಂತು. ಎಲ್ಲಿಯವರು, ಯಾಕೆ ಬಂದಿರಿ ಎಂದ. ಮಗಳು ತಾತನ ವಿಷಯ ಹೇಳಿದಳು. ಮೈನ್ ತೆಗೆಯುವವರು ಎನ್ನುತ್ತಿದ್ದಂತೆ ಅವನು ಕೈಯಲ್ಲಿದ್ದ ಬಲೆಯನ್ನು ಕೆಳಗೆ ಹಾಕಿದ. ಯುದ್ಧ ಮುಗಿದ ಮೇಲೂ ಹೊಲ ಉಳುವಾಗ ಮೈನ್ ಸಿಡಿದು ಸತ್ತವರುಂಟಂತೆ. ಅವನ ದೊಡ್ಡಪ್ಪನ ಕಾಲು ಹಾಗೆಯೇ ಹೋಯಿತಂತೆ. ಚಿಕ್ಕವನಿದ್ದಾಗ ಅವ್ವ ಅವನನ್ನು ಗದ್ದೆಯ ಒಂದು ಮಗ್ಗುಲಿಗೆ ಬಿಡುತ್ತಲೇ ಇರಲಿಲ್ಲವಂತೆ. ತಾತ ಸಲಾಕೆಯನ್ನು ಓರೆಯಾಗಿ ಹಿಡಿಯುತ್ತಿದ್ದುದನ್ನು ನಾನು ಕೈಯಲ್ಲೇ ತೋರಿಸಿದೆ. ಭಾಷೆ ಬೇಕಾಗಲಿಲ್ಲ, ಅವನಿಗೆ ಗೊತ್ತಿತ್ತು.

ಕೆನಡಾದವರು ವರ್ಷವರ್ಷ ಬಸ್ಸು ಮಾಡಿಕೊಂಡು ಒರ್ತೋನಾಕ್ಕೆ ಬರುತ್ತಾರೆ, ಭಾರತದಿಂದ ಬಂದವರನ್ನು ಇವತ್ತೇ ಕಂಡದ್ದು ಎಂದ. ಮೇಲಿನ ಸ್ಮಶಾನಕ್ಕೆ ಹೋಗಿದ್ದೀಯಾ ಎಂದರೆ, ಹೋಗಿದ್ದೇನೆ, ಆದರೆ ಆ ಹೆಸರುಗಳನ್ನು ಹೇಗೆ ಓದಬೇಕೋ ತಿಳಿಯದು ಎಂದ. ಮಗಳು ಒಂದು ಚೀಟಿಯ ಮೇಲೆ ಸುಬ್ರಮಣ್ಯನ್ ಎಂದು ಇಟಾಲಿಯನ್ನರು ಉಚ್ಚರಿಸುವ ಹಾಗೆ ಬರೆದುಕೊಟ್ಟು ಹೇಳಿಸಿದಳು. ಮೊದಲ ಸಲ ತಡವರಿಸಿದ, ಆಮೇಲೆ ಸರಿಯಾಗಿ ಬಂತು. ಸತ್ತವರ ಹಬ್ಬ ನವೆಂಬರ್ 2ಕ್ಕೆ ಇದೆ, ಹೆಂಡತಿಯ ಗೋರಿಗೆ ಹೇಗೂ ಹೂವು ಒಯ್ಯಬೇಕು, ಮೇಲಕ್ಕೂ ಹೋಗಿ ಬರುತ್ತೇನೆ ಎಂದ. ನಾವು ಎರಡು ಲೀಟರ್ ಎಣ್ಣೆ ಕೊಂಡೆವು. ಪೆಸ್ಕಾರಾದ ರೈಲಿಗೆ ಹೊತ್ತಾಗಿತ್ತು.